ಹಳೆಣ್ಣೆ ಲಾರಿಯ ನೀಲಿ ಡ್ರಮ್ಮು

"ಇನ್ನೂ ಎಷ್ಟು ಹೊತ್ತೇ? ಸುಟ್ಟಿರೋದನ್ನ ಎಷ್ಟು ಸಲ ನೋಡಿದ್ರೂ ಅದು ಸುಟ್ಟೇ ಇರುತ್ತೆ."

ಗಂಡನ ದನಿ ಮೇಲಿನಿಂದ ಬಂತು. ಲಾರಿಯ ಹೊಟ್ಟೆಯಡಿ ಅಂಗಾತ ಮಲಗಿದ್ದ ಸರ್ವೇಯಮ್ಮನಿಗೆ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು. ಬೂಟುಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆ ಕಡೆ ಹೋಗಿ, ಈ ಕಡೆ ಬಂದು, ಹೆರಿಗೆ ವಾರ್ಡಿನ ಮುಂದೆ ನಿಂತ ಗಂಡಸಿನ ಹಾಗೆ ಚಡಪಡಿಸುತ್ತಿದ್ದವು.

"ಟಾರ್ಚು ನೆಟ್ಟಗೆ ಹಿಡೀರಿ. ಬೆಳಕು ಕುಣೀತಿದೆ."

"ಚಳಿ ಕಣೇ."

ಚಳಿಯೇನೋ ಇತ್ತು. ಪೊಲೀಸ್ ಸ್ಟೇಷನ್ನಿನ ಹಿಂದಿನ ಅಂಗಳದಲ್ಲಿ ಬೆಳಗೇ ಸಂಜೆಯ ಹಾಗೆ ಕಾಣುತ್ತಿತ್ತು. ಮೋಡ ತಲೆಗೆ ತಾಗುವಷ್ಟು ಕೆಳಗಿಳಿದಿತ್ತು. ಸುಟ್ಟ ರಬ್ಬರಿನ ವಾಸನೆ ಮೂಗಿನಲ್ಲಿ ಮನೆ ಮಾಡಿತ್ತು, ಬಾಡಿಗೆ ಕೊಡದೆ.

ಮೊನ್ನೆ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟು ಬಂಡೆಗೆ ಗುದ್ದಿ ಹೊತ್ತಿಕೊಂಡ ಈ ಲಾರಿಯೊಳಗೆ ಒಬ್ಬ ಎಂಜಿನಿಯರು ಸತ್ತಿದ್ದ. ಓಡಿಸುತ್ತಿದ್ದ ಅವಳ ಅಣ್ಣ, ಡೀಸೆಲ್ ಕದ್ದು ಅದನ್ನು ಮುಚ್ಚೋಕೆ ಕೊಂದವನು ಅನ್ನಿಸಿಕೊಂಡು ಇದೇ ಸ್ಟೇಷನ್ನಿನ ಲಾಕಪ್ಪಿನಲ್ಲಿ ಕೂತಿದ್ದ. ಸಂಜೆ ಅವನನ್ನು ಕೋರ್ಟಿಗೆ ಒಪ್ಪಿಸುತ್ತಾರೆ. ಅಲ್ಲಿಂದ ಜೈಲು.

ಅಪಘಾತದ ಗಾಡಿಗಳನ್ನು ಸರ್ವೆ ಮಾಡಿ ವಿಮಾ ಕಂಪನಿಗೆ ವರದಿ ಕೊಡೋದು ಇವಳ ಕಸುಬು. ಆಫೀಸಿನವರು ಕಸುಬಿಗೊಂದು ಅಮ್ಮ ಅಂಟಿಸಿ ಸರ್ವೇಯಮ್ಮ ಅಂತ ಕರೆದರು, ಅದೇ ನಿಂತಿತು. ಸ್ವಂತ ಅಣ್ಣನ ಕೇಸು ನೀನು ನೋಡೋ ಹಾಗಿಲ್ಲ ಅಂತ ಮೇಲಿನವರು ಹೇಳಿದಾಗ ರಜೆ ಬರೆದುಕೊಟ್ಟು ಬಂದಿದ್ದಳು. ರಜೆಯಲ್ಲಿ ಜನ ಸಮುದ್ರ ನೋಡುತ್ತಾರೆ. ಇವಳು ಮಸಿ ನೋಡುತ್ತಿದ್ದಳು.

ಎಡಗಡೆ ಎಲ್ಲ ಇದ್ದಿಲು. ತಕ್ಕಡಿ ಕೂತಿದ್ದ ಕಡೆಯ ಬಾಗಿಲಿನ ಹಿಡಿಕೆ ಒಳಗಿನಿಂದ ಎಳೆದೂ ಎಳೆದೂ ಬಾಗಿಹೋಗಿತ್ತು. ಅದನ್ನು ಒಂದು ಸಲ ನೋಡಿ ಎರಡನೇ ಸಲ ನೋಡಬಾರದು ಅಂತ ತೀರ್ಮಾನಿಸಿದ್ದಳು.

ತಕ್ಕಡಿ ಅಂದರೆ ಸತ್ತ ಎಂಜಿನಿಯರು. ಎಣ್ಣೆ ಪರೀಕ್ಷೆ ಮಾಡೋಕೆ ಬಂದ ಮನುಷ್ಯ ಡೀಸೆಲ್ಲನ್ನು ಲೀಟರಲ್ಲಿ ಅಳೆಯದೆ ಟ್ಯಾಂಕು ಬಿಚ್ಚಿ ತೂಗುತ್ತಿದ್ದ. ಡೀಸೆಲ್ಲು ಬಿಸಿಲಿಗೆ ಉಬ್ಬುತ್ತೆ, ನೆರಳಿಗೆ ಕುಗ್ಗುತ್ತೆ, ರಾಜಕಾರಣಿ ಹಾಗೆ. ತೂಕ ಮಾತ್ರ ಮಾತು ಬದಲಿಸಲ್ಲ ಅನ್ನುತ್ತಿದ್ದ. ಡಿಪೋದವರು ಅವನಿಗೆ ತಕ್ಕಡಿ ಅಂತ ಹೆಸರಿಟ್ಟರು.

ಅವನ ಪರೀಕ್ಷೆ ಸರಳ. ಎರಡು ಲಾರಿ. ಒಂದೇ ಮಾಡೆಲ್ಲು, ಒಂದೇ ವಯಸ್ಸು, ಒಂದೇ ತೂಕದ ಸಿಮೆಂಟು, ಒಂದರ ಹಿಂದೊಂದು ಒಂದೇ ದಾರಿ. ಒಂದರ ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಮೂರಕ್ಕೂ ಹೊಸ ಸಿಂಥೆಟಿಕ್ ಎಣ್ಣೆ. ಇನ್ನೊಂದಕ್ಕೆ ಎಂದಿನದು. ಹೊಸೆಣ್ಣೆ ಲಾರಿ, ಹಳೆಣ್ಣೆ ಲಾರಿ. ಯಾವುದು ಎಷ್ಟು ಡೀಸೆಲ್ ಕುಡೀತು ಅಂತ ನೋಡೋದು. ಅಣ್ಣ ಓಡಿಸುತ್ತಿದ್ದದ್ದು ಹಳೆಣ್ಣೆ.

"ರೀ, ಇಲ್ಲಿ ಬನ್ನಿ. ಬಗ್ಗಿ ನೋಡಿ."

ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಕೋಲುಕನ್ನಡಿಯನ್ನು ಬಲಗಡೆಯ ಹಿಂದಿನ ಚಕ್ರದೊಳಗೆ ತೂರಿಸಿದ್ದಳು. ಗಂಡ ಮೊಣಕಾಲೂರಿದ. ಅವನು ಇದೇ ಲಾರಿ ಕಂಪನಿಯ ವರ್ಕ್‌ಶಾಪಿನ ಮೇಸ್ತ್ರಿ. ಹತ್ತು ಗಾಡಿಯ ಸದ್ದಲ್ಲಿ ಯಾವ ಗಾಡಿ ಕೆಮ್ಮುತ್ತಿದೆ ಅಂತ ಕೂತಲ್ಲೇ ಹೇಳುವ ಆಸಾಮಿ. ಇವತ್ತು ಮಾತ್ರ ಕನ್ನಡಿ ನೋಡೋಕೂ ಹಿಂದೆಮುಂದೆ ನೋಡುತ್ತಿದ್ದ.

"ಏನು ಕಾಣ್ತಿದೆ?"

"ಡ್ರಮ್ಮು."

"ಬಣ್ಣ?"

ಅವನು ಕನ್ನಡಿಯಿಂದ ಕಣ್ಣು ತೆಗೆದ.

"ನೀಲಿ," ಅಂದಳು ಅವಳೇ. "ಪಾರಿವಾಳದ ಕೊರಳಿನ ನೀಲಿ. ಕಬ್ಬಿಣ ಯಾವಾಗ್ರೀ ನೀಲಿಯಾಗೋದು?"

"ಬಿಸಿಯಾದಾಗ. ಬೆಂಕಿ ಬಿದ್ದಿದೆ, ಬಿಸಿಯಾಗಲ್ವಾ?"

"ಬೆಂಕಿ ಈ ಕಡೆ ಬಂದೇ ಇಲ್ಲ. ಟೈರು ನೋಡಿ, ಮದುಮಗನ ಹಾಗೆ ಕೂತಿದೆ. ಮಡ್‌ಗಾರ್ಡಿನ ಬಣ್ಣ ಕೂಡ ಕೆಟ್ಟಿಲ್ಲ. ಹೊರಗೆ ತಣ್ಣಗೆ, ಒಳಗೆ ನೀಲಿ. ಅಂದ್ರೆ ಶಾಖ ಒಳಗಿಂದಲೇ ಹುಟ್ಟಿದೆ."

"ಇಳಿಜಾರಲ್ಲಿ ಬ್ರೇಕು ಒತ್ತಿ ಒತ್ತಿ ಹುಟ್ಟಿರುತ್ತೆ. ಎಲ್ಲ ಲಾರಿಯಲ್ಲೂ ಹುಟ್ಟುತ್ತೆ."

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಕ್ರೇನಿನವರು ಗಾಡಿ ಎಳ್ಕೊಂಡು ಬರೋ ಮುಂಚೆ ಬ್ರೇಕು ಪೂರ್ತಿ ಬಿಡಿಸಿದ್ದಾರೆ. ಬಿಡಿಸಿದ ಮೇಲೂ ಈ ಚಕ್ರ ತಿರುಗಿಲ್ಲ. ಉಜ್ಜಿಕೊಂಡೇ ಬಂದಿದೆ, ಟೈರು ಒಂದು ಕಡೆ ಮಾತ್ರ ತೇದಿದೆ. ಯಾಕೆ ಗೊತ್ತಾ? ಈ ನಟ್ಟು ನೋಡಿ."

ಬ್ರೇಕಿನ ತೋಳಿನ ಮೇಲೆ ಒಂದು ನಟ್ಟು. ಸುತ್ತ ಎಲ್ಲ ಜಿಡ್ಡು, ಧೂಳು, ವರ್ಷಗಳ ಕೊಳೆ. ನಟ್ಟಿನ ಮೂಲೆಗಳು ಮಾತ್ರ ಪಳಪಳ. ಸ್ಪ್ಯಾನರ್ ತಿಂದ ಜಾಗ.

"ಈ ಮಾಡೆಲ್ಲಲ್ಲಿ ಬ್ರೇಕು ತನ್ನಷ್ಟಕ್ಕೆ ತಾನೇ ಬಿಗಿಸಡಿಲ ನೋಡ್ಕೊಳ್ಳುತ್ತೆ ಅಂತ ನೀವೇ ಅಲ್ವಾ ನಂಗೆ ಪಾಠ ಹೇಳಿದ್ದು? ಅದಕ್ಕೆ ಸ್ಪ್ಯಾನರ್ ಹಾಕೋನು ಕತ್ತೆ ಅಂತ. ಯಾವನೋ ಕತ್ತೆ ಹಾಕಿದ್ದಾನೆ. ಬ್ರೇಕು ಚಕ್ರವನ್ನ ಸದಾ ಸವರಿಕೊಂಡೇ ಇರೋ ಹಾಗೆ ಬಿಗಿ ಮಾಡಿದ್ದಾನೆ. ನಮ್ಮಣ್ಣ ಪಾಪ ಬ್ರೇಕು ಹಿಡ್ಕೊಂಡಿರೋ ಗಾಡೀನ ಎಳ್ಕೊಂಡು ಓಡಿಸಿದ್ದಾನೆ. ಡೀಸೆಲ್ ಎಲ್ಲಿಗೆ ಹೋಯ್ತು ಅಂತ ಕೇಳ್ತಾರಲ್ಲ? ಇಲ್ಲಿಗೆ ಹೋಯ್ತು. ಕದ್ದು ಮಾರಲಿಲ್ಲ, ಕಬ್ಬಿಣ ಕಾಯಿಸೋಕೆ ಹೋಯ್ತು! ಇಷ್ಟು ಕಾದ ಬ್ರೇಕು ಇಳಿಜಾರಲ್ಲಿ ಹಿಡಿಯುತ್ತಾ?"

ಟಾರ್ಚಿನ ಬೆಳಕು ಚಕ್ರ ಬಿಟ್ಟು ಎಲ್ಲೋ ನೆಲದ ಮೇಲೆ ಬಿದ್ದಿತ್ತು.

"ರೀ?"

"ಕೇಳಿಸ್ತು ಕಣೇ," ಅಂದ ಗಂಡ. "ಎದ್ದೇಳು. ನೆಲ ತಂಪು."

*

ಇನ್‌ಸ್ಪೆಕ್ಟರಿಗೆ ಕೆಮ್ಮು, ಕೆಲಸ, ಮತ್ತು ಇವಳು, ಮೂರೂ ಒಟ್ಟಿಗೆ ಗಂಟುಬಿದ್ದಿದ್ದವು. ಕೆಮ್ಮು ಒಂದೇ ಇವಳಿಗಿಂತ ಬೇಗ ಹೋಗುವ ಲಕ್ಷಣ ತೋರಿಸುತ್ತಿತ್ತು.

"ನೀಲಿ ಡ್ರಮ್ಮು, ಹಳದಿ ಮಡ್‌ಗಾರ್ಡು. ಮೇಡಂ, ನಾನು ಪೊಲೀಸು, ಪೇಂಟರ್ ಅಲ್ಲ. ಎಂಜಿನಿಯರು ಸಾಯೋ ಹಿಂದಿನ ದಿನ ಮಾಲೀಕರಿಗೆ ಏನು ಹೇಳಿದ್ದ? ಹಳೆಣ್ಣೆ ಲಾರಿ ಕುಡೀಬೇಕಾದ್ದಕ್ಕಿಂತ ಜಾಸ್ತಿ ಕುಡೀತಿದೆ, ನಾಳೆ ನಾನೇ ಕೂತು ಕಾರಣ ಹುಡುಕ್ತೀನಿ ಅಂತ. ಕೂತ. ಸತ್ತ. ನಿಮ್ಮಣ್ಣ ಹಾರಿ ಉಳ್ಕೊಂಡ. ಕದ್ದೋನು ಸಿಕ್ಕಿಬೀಳ್ತೀನಿ ಅಂತ ಮುಗಿಸಿದ. ಇದರಲ್ಲಿ ಕಷ್ಟ ಏನಿದೆ?"

"ಟ್ಯಾಂಕಿಗೆ ಸೀಲಿತ್ತು ಸಾರ್."

"ಸೀಲು ಹಾಕೋರು ಇರೋ ಕಡೆ ಬಿಚ್ಚೋರು ಇರಲ್ವಾ?" ಕೆಮ್ಮಿದರು. "ಆ ನಟ್ಟು ತಿರುಗಿಸಿದ್ದು ಯಾರು ಅಂತ ಒಂದು ಹೆಸರು ಕೊಡಿ. ಸಂಜೆಯೊಳಗೆ. ಬಣ್ಣ ಬೇಡ, ಹೆಸರು."

"ಮಧ್ಯಾಹ್ನ ಆ ಹೊಸ ಎಣ್ಣೆ ಮಾರೋ ಏಜೆಂಟನ ಆಫೀಸಿಗೆ ಬನ್ನಿ. ಕೊಡ್ತೀನಿ."

ಬಾಯಿಂದ ಬಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಹೆಸರು ಅವಳ ಹತ್ತಿರ ಇರಲಿಲ್ಲ, ಅನುಮಾನ ಮಾತ್ರ ಇತ್ತು. ಆ ಅನುಮಾನದ ತಲೆಗೆ ಸುಗಂಧದ ಎಣ್ಣೆ, ಮುಖದಲ್ಲಿ ಸದಾ ನಗು.

ಅಣ್ಣ ಕಂಬಿಯ ಹಿಂದೆ ಗೋಡೆಗೊರಗಿ ಕೂತಿದ್ದ. ಬಲಗೈಗೆ ಬ್ಯಾಂಡೇಜು ಮೊಣಕೈವರೆಗೆ. ಹಾರಿದಾಗ ಆದದ್ದಲ್ಲ ಅದು. ಹಾರಿದ ಮೇಲೆ ವಾಪಸು ಹೋಗಿ ತಕ್ಕಡಿಯ ಬಾಗಿಲು ಎಳೆದಾಗ ಆದದ್ದು. ಹೊರಗಿನಿಂದ ಇವನು, ಒಳಗಿನಿಂದ ಅವನು. ಆ ಮಾತನ್ನು ಪೊಲೀಸರು ಬರೆದುಕೊಂಡಿರಲಿಲ್ಲ.

"ಅಣ್ಣಾ, ಸಿಕ್ತು!" ಉಸಿರುಬಿಡದೆ ಎಲ್ಲ ಹೇಳಿದಳು. "ಗಾಡಿ ಭಾರ ಎಳೀತಿದೆ ಅಂತ ನಿಂಗೆ ಗೊತ್ತಾಗಿರಲಿಲ್ವಾ?"

"ಗೊತ್ತಾಗಿತ್ತು. ತಕ್ಕಡಿಗೆ ಹೇಳಿದೆ. ಅದಕ್ಕೇ ಅವನು ಬಂದು ಕೂತದ್ದು."

"ಮತ್ತೆ ಚಕ್ರ ಮುಟ್ಟಿ ನೋಡಲಿಲ್ವಾ?"

ಅಣ್ಣ ಗಾಡಿ ನಿಲ್ಲಿಸಿದ ಕಡೆಯೆಲ್ಲ ಕೆಳಗಿಳಿದು, ಜ್ವರ ನೋಡುವ ಹಾಗೆ ಮುಂಗೈ ತಿರುವಿ ಒಂದೊಂದು ಚಕ್ರವನ್ನೂ ಸವರುವವನು. ಆ ಸುತ್ತು ಮುಗಿಯದೆ ಟೀ ಕುಡಿಯುತ್ತಿರಲಿಲ್ಲ.

"ಇಳಿಯೋ ಹಾಗಿರಲಿಲ್ಲ. ಡ್ರೈವರ್ ಸೀಟು ಬಿಟ್ಟು ಏಳಬಾರದು ಅಂತ ಪರೀಕ್ಷೆಯ ರೂಲು. ಎರಡು ಗಾಡಿಗೂ ಎಲ್ಲ ಒಂದೇ ಥರ ಇರಬೇಕಂತೆ. ತಕ್ಕಡಿ ಮಾಡಿದ್ದೇ ಆ ರೂಲು, ಪಾಪ." ಅಣ್ಣ ಬ್ಯಾಂಡೇಜನ್ನೇ ನೋಡುತ್ತಿದ್ದ. "ಕನ್ನಡಿಯಲ್ಲಿ ಹೊಗೆ ಕಂಡಾಗ ಇಳಿಜಾರು ಶುರುವಾಗಿಬಿಟ್ಟಿತ್ತು. ಒತ್ತಿದೆ. ಕಾಲು ಹೋಯ್ತು, ಬ್ರೇಕು ಬರಲಿಲ್ಲ."

"ಯಾರೋ ಬೇಕಂತಲೇ ಬಿಗಿ ಮಾಡಿದ್ದಾರೆ ಅಣ್ಣ. ಆ ಎಣ್ಣೆ ಏಜೆಂಟ್ ನುಣ್ಣಪ್ಪಂದೇ ಕೆಲಸ. ಇವತ್ತು ಅವನ ನುಣುಪೆಲ್ಲ ಇಳಿಸ್ತೀನಿ."

ಅಣ್ಣ ತಲೆಯೆತ್ತಿದ. ಖುಷಿ ಕಾಣುತ್ತೆ ಅಂದುಕೊಂಡಿದ್ದಳು. ಕಂಡದ್ದು ಭಯ.

"ಬೇಡ."

"ಏನು ಬೇಡ?"

"ಆ ನಟ್ಟಿನ ವಿಷಯ ಬಿಟ್ಬಿಡು ಪುಟ್ಟಿ. ಆದದ್ದಾಯ್ತು. ನಾನು ಹೇಗೋ ಇರ್ತೀನಿ."

"ತಲೆ ಕೆಟ್ಟಿದೆಯಾ? ಅತ್ತಿಗೆ ಮುಖ ನೋಡೋಕಾಗ್ತಿಲ್ಲ ನಂಗೆ. ಕೊಲೆ ಕೇಸು ಅಣ್ಣ ಇದು!"

"ನಿನ್ನ ಗಂಡ ಬಂದಿದ್ದಾನಾ?"

"ಹೊರಗೆ ಕಾರಲ್ಲಿದ್ದಾರೆ. ಸ್ಟೇಷನ್ ಅಂದ್ರೆ ಅವರಿಗೆ ಆಗಲ್ಲ."

ಅಣ್ಣ ಹೊರಬಾಗಿಲ ಕಡೆ ಒಂದು ಸಲ ನೋಡಿದ. ಆಮೇಲೆ, "ಮನೆಗೆ ಹೋಗು," ಅಂದು ಗೋಡೆಯ ಕಡೆ ತಿರುಗಿದ. ಚಿಕ್ಕವಳಿದ್ದಾಗ ಅವಳೊಡನೆ ಜಗಳವಾಡಿ ಮಾತು ಬಿಡುತ್ತಿದ್ದನಲ್ಲ, ಹಾಗೆ. ಈಗ ಮಾತ್ರ ಜಗಳವೇ ಇಲ್ಲದೆ ಮಾತು ಬಿಟ್ಟಿದ್ದ.

*

ಏಜೆಂಟನಿಗೆ ನುಣ್ಣಪ್ಪ ಅಂತ ಹೆಸರಿಟ್ಟವರು ಡಿಪೋದ ಡ್ರೈವರುಗಳು. ಮಾರುವುದು ಎಣ್ಣೆ, ಆಡುವುದು ಬೆಣ್ಣೆ. ಅವನ ಕೈ ಕುಲುಕಿದವರು ಉಂಗುರ ಇದೆಯಾ ಅಂತ ಎಣಿಸಿಕೊಳ್ಳಬೇಕು ಅನ್ನೋರು.

ಮೂರನೇ ಮಹಡಿಯ ಆಫೀಸು. ಕಪಾಟಿನ ತುಂಬ ಗಾಜಿನ ಬಾಟಲಿ. ಜೇನಿನ ಬಣ್ಣ, ಕಾಫಿ ಬಣ್ಣ, ಗೋರಂಟಿ ಬಣ್ಣ. ಮೇಜಿನ ಮೇಲೆ ಎರಡು ಗಾಜಿನ ಕೊಳವೆ, ಒಳಗೊಂದೊಂದು ಉಕ್ಕಿನ ಗುಂಡು. ಗೋಡೆಗೆ ಇನ್ನೂ ಮಸಿವಾಸನೆ ಆರದ ಪೋಸ್ಟರು. ದೊಡ್ಡ ಅಕ್ಷರದಲ್ಲಿ: "ನೂರಕ್ಕೆ ಹನ್ನೆರಡು ಡೀಸೆಲ್ ಉಳಿತಾಯ! ರಸ್ತೆಯ ಮೇಲೆ ಸಾಬೀತು!" ಕೆಳಗೆ ಇರುವೆ ಗಾತ್ರದಲ್ಲಿ: "ಪರೀಕ್ಷೆ ನಡೆಸಿದ ದಿವಂಗತರಿಗೆ ನಮನ."

ನಮನಕ್ಕೂ ಜಾಹೀರಾತಿಗೂ ಇಷ್ಟು ಹತ್ತಿರದ ನೆಂಟಸ್ತಿಕೆ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ.

"ಬನ್ನಿ ಮೇಡಂ, ಬನ್ನಿ. ಎಂಥ ಕಷ್ಟ ಬಂತು ನಿಮಗೆ." ಕೂರುವ ಮೊದಲೇ ಕೊಳವೆಗಳನ್ನು ತಲೆಕೆಳಗು ಮಾಡಿದ. ಒಂದರಲ್ಲಿ ಗುಂಡು ಸರ್ರನೆ ಇಳಿಯಿತು. ಇನ್ನೊಂದರಲ್ಲಿ ನಿದ್ದೆಗಣ್ಣಲ್ಲಿ ಮೆಟ್ಟಿಲಿಳಿಯುವ ಮುದುಕನ ಹಾಗೆ ಇಳಿಯಿತು. "ನೋಡಿದ್ರಾ? ಚಳಿಯಲ್ಲಿ ನಮ್ಮ ಎಣ್ಣೆ ಎಷ್ಟು ಹಗುರ. ಹಳೇ ಎಣ್ಣೆ ಬೆಳಿಗ್ಗೆ ಜೇನಾಗಿರುತ್ತೆ. ಗೇರುಗಳು ಅದನ್ನ ಕಡೆದೂ ಕಡೆದೂ ಸಾಕಾಗ್ತವೆ. ಕಡೆಯೋಕೆ ಶಕ್ತಿ ಎಲ್ಲಿಂದ? ಡೀಸೆಲ್ಲಿಂದ."

"ಅದನ್ನ ಒಪ್ತೀನಿ," ಅಂದಳು ಸರ್ವೇಯಮ್ಮ.

ನುಣ್ಣಪ್ಪ ಗಾಬರಿಯಾದ. ಒಪ್ಪಿಗೆ ಇಷ್ಟು ಬೇಗ ಬರೋದು ಅವನ ವ್ಯಾಪಾರದಲ್ಲಿ ಅಪಶಕುನ.

"ನಿಮ್ಮ ಎಣ್ಣೆ ಉಳಿಸುತ್ತೆ. ಎಷ್ಟು ಅನ್ನೋದಷ್ಟೇ ಪ್ರಶ್ನೆ. ಹನ್ನೆರಡಾ?"

"ಪೋಸ್ಟರೇ ಹೇಳ್ತಿದೆ."

"ಸರಿ. ಮತ್ತೆ ನೀವು ಪೊಲೀಸರ ಮುಂದೆ ಕೊಟ್ಟ ಹೇಳಿಕೆ? ಹಳೆಣ್ಣೆ ಲಾರಿಯ ಡ್ರೈವರು ಡೀಸೆಲ್ ಕದೀತಿದ್ದ ಅಂತ ನನಗೂ ಅನುಮಾನ ಇತ್ತು ಅಂತ. ಇನ್‌ಸ್ಪೆಕ್ಟರು ಓದಿ ಹೇಳಿದ್ರು."

"ಅನುಮಾನ ಮೇಡಂ. ಅನುಮಾನ ಪಡೋದು ತಪ್ಪಾ?"

"ತಪ್ಪಲ್ಲ. ಆದ್ರೆ ಎರಡರಲ್ಲಿ ಒಂದು ಆರಿಸ್ಕೊಳ್ಳಿ." ಕುರ್ಚಿ ಮುಂದಕ್ಕೆಳೆದುಕೊಂಡಳು. "ನಮ್ಮಣ್ಣ ಕದ್ದಿದ್ರೆ, ಹಳೆಣ್ಣೆ ಲಾರಿಯಲ್ಲಿ ಖರ್ಚಾದ್ದು ಗಾಡಿ ಕುಡಿದದ್ದಲ್ಲ, ಅಣ್ಣ ಮಾರಿದ್ದು. ಆಗ ನಿಮ್ಮ ಹನ್ನೆರಡು ಸುಳ್ಳು. ನಿಮ್ಮ ಹನ್ನೆರಡು ನಿಜ ಆದ್ರೆ ನಮ್ಮಣ್ಣ ಒಂದು ಹನೀನೂ ಕದ್ದಿಲ್ಲ. ಅದೇ ಡೀಸೆಲ್ಲನ್ನ ಗೋಡೆ ಮೇಲೆ ಉಳಿತಾಯ ಅಂತ ಮಾರ್ತೀರಿ, ಸ್ಟೇಷನ್ನಲ್ಲಿ ಕಳ್ಳತನ ಅಂತ ಬರೆಸ್ತೀರಿ. ಒಂದೇ ಕೋಳೀನ ಎರಡು ಸಲ ಮಾರೋ ಹಾಗಿಲ್ಲ ಸ್ವಾಮಿ. ಹೇಳಿ. ಪೋಸ್ಟರ್ ಹರೀತೀರಾ, ಹೇಳಿಕೆ ಹರೀತೀರಾ?"

ನುಣ್ಣಪ್ಪನ ನಗು ಮುಖದ ಮೇಲೆ ಹಾಗೇ ಉಳಿಯಿತು. ಒಳಗಿದ್ದವನು ಮಾತ್ರ ಎದ್ದು ಹೋಗಿದ್ದ.

"ಮೂರನೇದೂ ಒಂದು ಇದೆ," ಅಂದಳು. ಫೋನು ತೆಗೆದು ನೀಲಿ ಡ್ರಮ್ಮಿನ ಫೋಟೋ ಅವನ ಮುಂದಿಟ್ಟಳು. "ಕದ್ದೂ ಇಲ್ಲ, ಉಳಿಸೂ ಇಲ್ಲ. ಹೊಸೆಣ್ಣೆ ಲಾರೀನ ಗೆಲ್ಲಿಸೋಕೆ ಹಳೆಣ್ಣೆ ಲಾರಿಯ ಕಾಲು ಕಟ್ಟಿದ್ದಾರೆ. ಎಲ್ಲರೂ ಹೊಸೆಣ್ಣೆ ಲಾರೀನೇ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಿದ್ರು. ಮೋಸ ಇದ್ರೆ ಅದರಲ್ಲೇ ಅಂತ ಅಡಿಯಿಂದ ಮುಡಿವರೆಗೆ ತಟ್ಟಿ ನೋಡಿದ್ದು ಅದನ್ನೇ. ಪಕ್ಕದ ಬಡಪಾಯಿ ಗಾಡಿಯ ಟ್ಯಾಂಕು ಬಿಟ್ಟು ಬೇರೇನನ್ನೂ ಯಾರೂ ನೋಡಲಿಲ್ಲ. ಓಡೋ ಪಂದ್ಯದಲ್ಲಿ ಗೆದ್ದೋನ ಕಾಲು ನೋಡ್ತಾರೆ, ಸೋತೋನ ಚಪ್ಪಲೀಲಿ ಮುಳ್ಳಿಟ್ಟೋರು ಯಾರು ಅಂತ ಯಾರು ನೋಡ್ತಾರೆ?"

ಅವನು ಫೋಟೋ ನೋಡಲಿಲ್ಲ. ಕೊಳವೆಗಳನ್ನು ಮತ್ತೆ ತಿರುವಿದ. ಹಳೇ ಎಣ್ಣೆಯ ಗುಂಡು ತಳ ಮುಟ್ಟುವವರೆಗೆ ಕಾದ.

"ಮೂರು," ಅಂದ. ದನಿಯಲ್ಲಿ ಬೆಣ್ಣೆ ಇರಲಿಲ್ಲ. "ನೂರಕ್ಕೆ ಮೂರು ಉಳಿಸುತ್ತೆ ನಮ್ಮ ಎಣ್ಣೆ. ಎಂಜಿನ್ನು, ಗೇರು, ಆಕ್ಸಲ್ಲು ಎಲ್ಲ ಸೇರಿ. ಅದು ಸುಳ್ಳಲ್ಲ ಮೇಡಂ. ನೂರಾರು ಲಾರಿ ಇರೋ ಮಾಲೀಕನಿಗೆ ವರ್ಷಕ್ಕೆ ಮೂರು ಅಂದ್ರೆ ಎಷ್ಟಾಗುತ್ತೆ ಯೋಚ್ನೆ ಮಾಡಿ. ಒಳ್ಳೇ ಎಣ್ಣೆ. ನಾನು ಜೀವನದಲ್ಲಿ ಮಾರಿದ ಒಂದೇ ಒಂದು ಒಳ್ಳೇ ಮಾಲು."

"ಮತ್ತೆ ಅದನ್ನೇ ಮಾರಬಹುದಿತ್ತಲ್ಲ."

"ಮೂರಕ್ಕೆ ಯಾರೂ ಚಪ್ಪಾಳೆ ತಟ್ಟಲ್ಲ. ಹೋಗ್ಲಿ, ಆ ಮೂರಾದ್ರೂ ಕಂಡಿದ್ರೆ ಸಾಕಿತ್ತು." ಕಹಿಯಾಗಿ ನಕ್ಕ. "ಮೊದಲ ವಾರ ಎರಡು ಲಾರಿಯೂ ಸಮಸಮ ಕುಡಿದ್ವು. ಯಾಕೆ ಗೊತ್ತಾ? ನಿಮ್ಮಣ್ಣ. ಏರು ಬರೋ ಮುಂಚೆ ವೇಗ ಕೂಡಿಸ್ಕೊಳ್ತಾನೆ, ಸಿಗ್ನಲ್ಲು ಕೆಂಪಾಗೋದು ಅವನಿಗೆ ಮೊದಲೇ ವಾಸನೆ ಬರುತ್ತೆ, ಬ್ರೇಕ್ ಮುಟ್ಟೋದೇ ಇಲ್ಲ. ನನ್ನ ಎಣ್ಣೆ ಉಳಿಸೋ ಅಷ್ಟನ್ನೂ ಅವನು ಹಳೇ ಎಣ್ಣೇಲೇ ಕಾಲಲ್ಲಿ ಉಳಿಸಿಬಿಟ್ಟ. ತಕ್ಕಡಿ ತೂಗಿ, 'ವ್ಯತ್ಯಾಸ ಇಲ್ಲ' ಅಂದ. ಡ್ರೈವರ್ ಬದಲಾಯಿಸಿ ಅಂದೆ. ಪರೀಕ್ಷೆ ಅರ್ಧಕ್ಕೆ ಬಂದಿದೆ, ಆಗಲ್ಲ ಅಂದ. ಒಳ್ಳೇ ಎಣ್ಣೆ, ಒಳ್ಳೇ ಡ್ರೈವರು. ಒಬ್ಬರಿಂದ ಒಬ್ಬರು ಹಾಳಾದ್ವಿ."

"ಅದಕ್ಕೆ ಬ್ರೇಕು ಬಿಗಿ ಮಾಡಿದ್ರಿ."

"ಒಂಚೂರು. ನಿಮ್ಮಣ್ಣನ ಕಾಲಿಗೆ ಸರಿದೂಗೋ ಅಷ್ಟು ಅಂತ ನಾನು ಹೇಳಿದ್ದು. ಬಿಗಿ ಮಾಡಿದ ಕೈ ನಂದಲ್ಲ. ನನಗೆ ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತಾನೂ ಗೊತ್ತಿಲ್ಲ. ಆ ಕೈ ಜಾಸ್ತಿ ಬಿಗಿ ಮಾಡ್ತು. ಕೋಪ ಇರೋ ಕೈಗೆ ಅಳತೆ ತಿಳಿಯಲ್ಲ."

"ಯಾರ ಕೈ?"

ನುಣ್ಣಪ್ಪ ಎದ್ದು ಕಿಟಕಿಯ ಹತ್ತಿರ ಹೋದ. ಹೊರಗೆ ಮಂಜಿನಂಥ ಮೋಡ. ಕೆಳಗಿನ ರಸ್ತೆಯಲ್ಲಿ ಗಾಡಿಗಳು ಹಗಲಲ್ಲೇ ದೀಪ ಹಚ್ಚಿಕೊಂಡು ಹೋಗುತ್ತಿದ್ದವು.

"ಹಾಲು ತುಂಬಿದ ಲೋಟ," ಅಂದ.

"ಏನು?"

"'ನಮ್ಮಣ್ಣನ ಗಾಡಿಯಲ್ಲಿ ಹಾಲು ತುಂಬಿದ ಲೋಟ ಇಟ್ರೂ ತುಳುಕಲ್ಲ. ನೀವು ಓಡಿಸಿದ್ರೆ ಲೋಟಾನೇ ಇರಲ್ಲ.' ಕೇಳಿದ ನೆನಪಿದೆಯಾ ಮೇಡಂ?"

ಅವಳು ಮೇಜಿನ ಮೇಲಿದ್ದ ಫೋನನ್ನು ಹಿಂದಕ್ಕೆಳೆದುಕೊಂಡಳು.

ಕೇಳಿದ್ದಲ್ಲ ಅದು. ಅವಳೇ ಆಡಿದ್ದು. ಗಂಡ ಕಾರು ತಿರುಗಿಸುವಾಗ, ನೆಂಟರು ಬಂದಾಗ, ತಮಾಷೆಗೆ, ಮದುವೆಯಾದ ಹೊಸದರಿಂದ ಆಡಿಕೊಂಡು ಬಂದದ್ದು. ಎಲ್ಲರೂ ನಗುತ್ತಿದ್ದರು. ಗಂಡನೂ ನಗುತ್ತಿದ್ದ. ಅಣ್ಣ ಬಂದ ದಿನ ಊಟಕ್ಕೆ ಕೂತಾಗ 'ಭಾವ ಬಂದ್ರು, ಲೋಟ ತುಂಬ ಹಾಲು ಹಾಕೇ' ಅಂತ ತಾನೂ ಒಂದು ಮಾತು ಸೇರಿಸುತ್ತಿದ್ದ. ಇಬ್ಬರೂ ಒಳಗೊಳಗೆ ಎಣ್ಣೆ ಸೀಗೇಕಾಯಿ ಅಂತ ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಅದು ಮನೆಯೊಳಗಿನ ಮಾತು. ಈ ಮನುಷ್ಯನ ಮುಂದೆ ಅವಳು ಯಾವತ್ತೂ ಆಡಿದ್ದಿಲ್ಲ.

"ನಾನು ಕೇಳಿದಾಗ ಅವರು ಮೊದಲು ಆಗಲ್ಲ ಅಂದ್ರು," ನುಣ್ಣಪ್ಪ ಕಿಟಕಿಗೇ ಹೇಳುತ್ತಿದ್ದ. "ಪರೀಕ್ಷೆಯ ಗಾಡಿಗೆ ಕೈ ಹಾಕಲ್ಲ ಅಂದ್ರು. ಆಮೇಲೆ ನಾನು ಸುಮ್ಮನೆ ಒಂದು ಮಾತಂದೆ: ಏನು ಮೇಸ್ತ್ರಿ, ನಿಮ್ಮ ಭಾವನ ಕಾಲು ನನ್ನ ಎಣ್ಣೇನೇ ಸೋಲಿಸ್ತಲ್ಲ ಅಂತ. ಅಷ್ಟೇ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ರು. ಲೋಟದ ವಿಷಯ ಹೇಳಿದ್ರು. 'ಒಂದು ಸಲ, ಒಂದೇ ಸಲ ಆ ಲೋಟ ತುಳುಕಲಿ' ಅಂದ್ರು. ಯಾರಾದ್ರೂ ಸಾಯ್ತಾರೆ ಅಂತ ಅವರೂ ಅಂದ್ಕೊಂಡಿರಲಿಲ್ಲ, ನಾನೂ ಅಂದ್ಕೊಂಡಿರಲಿಲ್ಲ. ಡ್ರೈವರ್ ಹೇಗೂ ಇಳಿದು ಚಕ್ರ ಮುಟ್ಟಿ ನೋಡ್ತಾನೆ, ಬಿಸಿ ತಾಗಿದ್ರೆ ನಿಲ್ಲಿಸ್ತಾನೆ ಅಂತಿದ್ರು. ಇಳಿಯಬಾರದು ಅನ್ನೋ ರೂಲು ನಿಮ್ಮ ಯಜಮಾನರಿಗೆ ಗ್ಯಾರೇಜಲ್ಲಿ ಯಾರೂ ಹೇಳಿರಲಿಲ್ಲ."

"ಸುಳ್ಳು," ಅಂದಳು.

"ಸುಳ್ಳಾದ್ರೆ ನಿಮ್ಮಣ್ಣ ಯಾಕೆ ಬಾಯಿ ಬಿಡ್ತಿಲ್ಲ? ಪರೀಕ್ಷೆ ನಡೆಯುವಾಗ ಆ ಗಾಡಿಯಡಿ ನುಸುಳೋ ಹಕ್ಕು ಯಾರಿಗಿತ್ತು ಅಂತ ಅವನಿಗೆ ಗೊತ್ತಿಲ್ವಾ? ತಂಗಿಯ ಗಂಡನ ಹೆಸರು ಹೇಳೋದಕ್ಕಿಂತ ಜೈಲೇ ವಾಸಿ ಅಂತ ಕೂತಿದ್ದಾನೆ."

ಗೋಡೆಯ ಕಡೆ ತಿರುಗಿದ ಬೆನ್ನು ಕಣ್ಣ ಮುಂದೆ ಬಂತು. ಭಯ ಯಾಕೆ ಅಂತ ಈಗ ಅರ್ಥವಾಯಿತು. ಆ ಭಯ ಅಣ್ಣನದಾಗಿತ್ತು, ಆದರೆ ಅವಳಿಗಾಗಿ ಇತ್ತು.

ಅವಳೂ ಕಿಟಕಿಗೆ ಬಂದಳು. ಕೆಳಗೆ ಅವರ ಕಾರು. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಕಾರಿನ ಹಿಂದೆ ಪೊಲೀಸ್ ಜೀಪು.

"ಕರೆಸಿದ್ದು ನೀವೇ ತಾನೇ?" ನುಣ್ಣಪ್ಪನೂ ಜೀಪು ನೋಡಿದ. "ಕೇಳಿ ಮೇಡಂ. ನೀವು ಆ ಹೆಸರು ಹೇಳಿದ್ರೆ ಅದರ ಹಿಂದೆ ನನ್ನ ಹೆಸರೂ ಬರುತ್ತೆ, ಗೊತ್ತು. ಹೇಳದಿದ್ರೆ ಇಬ್ಬರೂ ಉಳ್ಕೋತೀವಿ. ಪೋಸ್ಟರ್ ನಾನೇ ಹರೀತೀನಿ, ಬೇಕಾದ್ರೆ ಹೇಳಿಕೆಯನ್ನೂ ಬದಲಾಯಿಸ್ತೀನಿ. ನಿಮ್ಮಣ್ಣನಿಗೆ ಶಿಕ್ಷೆ ಸ್ವಲ್ಪ ಕಮ್ಮಿಯಾಗಬಹುದು. ಸ್ವಲ್ಪ. ನೂರಕ್ಕೆ ಮೂರು ಅಂದ್ಕೊಳ್ಳಿ."

ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಮೊದಲ ಮಹಡಿ. ಎರಡನೆಯದು. ಬಾಗಿಲು ತೆರೆಯಿತು.

"ಲಿಫ್ಟು ಇಲ್ಲದ ಕಟ್ಟಡದಲ್ಲಿ ಎಣ್ಣೆ ಮಾರೋನು ನೀನೊಬ್ಬನೇ," ಅಂತ ಗೊಣಗುತ್ತ ಇನ್‌ಸ್ಪೆಕ್ಟರು ಒಳಗೆ ಬಂದರು. ಹಿಂದೆ ತಿರುಗಿ ಕರೆದರು. "ಬನ್ರೀ, ಒಳಗೆ ಬನ್ನಿ. ಯಾಕೆ ಅಲ್ಲೇ ನಿಂತ್ರಿ?"

ಅವಳ ಗಂಡ ಹೊಸ್ತಿಲು ದಾಟಿದ.

"ಕೆಳಗೆ ಒಬ್ಬರೇ ಕೂತಿದ್ರು ಮೇಡಂ, ನಾನೇ ಎಬ್ಬಿಸ್ಕೊಂಡು ಬಂದೆ. ನಟ್ಟು, ಬ್ರೇಕು ಅಂತ ನೀವು ಶುರು ಮಾಡಿದ್ರೆ ನನಗೆ ಬಿಡಿಸಿ ಹೇಳೋಕೆ ಒಬ್ಬ ಮೇಸ್ತ್ರಿ ಬೇಕಲ್ಲ." ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕುಸಿದು ಜೇಬಿನಿಂದ ಪೆನ್ನು ತೆಗೆದರು. "ಹ್ಞೂಂ. ಹೆಸರು ಕೊಡ್ತೀನಿ ಅಂದಿದ್ರಿ. ಯಾರು ತಿರುಗಿಸಿದ್ದು?"

ಪೆನ್ನಿನ ತುದಿ ಅವಳಿಂದ ನುಣ್ಣಪ್ಪನ ಕಡೆ ತಿರುಗಿತು.

"ಏನಯ್ಯಾ, ನಿನಗೆ ಗೊತ್ತಾ?"

ನುಣ್ಣಪ್ಪ ನಿಧಾನವಾಗಿ ತನ್ನ ಕುರ್ಚಿಗೆ ಮರಳಿದ. ನಗು ವಾಪಸು ಬಂದಿತ್ತು.

"ನನಗೇನು ಗೊತ್ತು ಸಾರ್. ಮೇಡಂ ಹೇಳ್ತಾರೆ."

ಗಂಡ ಅವಳನ್ನೇ ನೋಡುತ್ತಿದ್ದ. ಬೇಡ ಅನ್ನಲಿಲ್ಲ. ಹೇಳು ಅಂತಲೂ ಅನ್ನಲಿಲ್ಲ. ಬೆಳಿಗ್ಗೆ ಟಾರ್ಚು ಕುಣಿಸಿದ್ದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಸಂಜೆಯಾಗ್ತಾ ಬಂತು ಮೇಡಂ," ಅಂದರು ಇನ್‌ಸ್ಪೆಕ್ಟರು. "ಕೋರ್ಟಿಗೆ ಯಾರನ್ನ ಕರ್ಕೊಂಡು ಹೋಗ್ಲಿ?"

ಸರ್ವೇಯಮ್ಮ ಬಾಯಿ ತೆರೆದಳು.